ಇಂಗ್ಲಿಷಿನಲ್ಲಿ ವಿಭಕ್ತಿಗಳು: ನಮ್ಮ ‘ಗೆ’ ಎಲ್ಲಿ ಹೋಯಿತು?

ಈ ಪಾಠ ಬರೆಯುವುದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಅದನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗುತ್ತೇವೆ.

ನಮ್ಮ ವಾಚನಾಲಯಕ್ಕೆ ಸಾಯಂಕಾಲ ತಪ್ಪದೆ ಬರುವ ಗೆಳೆಯರೊಬ್ಬರಿದ್ದಾರೆ. ಒಂದು ಗೋದಾಮಿನಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸ ಅವರದು. ಮಾತಿನ ನಡುವೆ ಅವರು ‘ಐ ಟೋಲ್ಡ್ ಟು ಹಿಮ್’ ಎಂದದ್ದನ್ನು ಕೇಳಿ ನಾವು, ‘ಅಲ್ಲಿ ಟು ಬೇಡ, ಐ ಟೋಲ್ಡ್ ಹಿಮ್ ಎಂದರೆ ಸಾಕು. ಕನ್ನಡದಲ್ಲಿ ಗೆ ಇದೆಯೆಂದು ಇಂಗ್ಲಿಷಿನಲ್ಲಿ ಟು ಹಚ್ಚುತ್ತ ಹೋಗಬೇಡಿ’ ಎಂದು ತಿದ್ದಿದೆವು. ಅವರು ಅದನ್ನು ಶ್ರದ್ಧೆಯಿಂದ ಮನಸ್ಸಿನಲ್ಲಿಟ್ಟುಕೊಂಡರು. ಕೆಲವು ದಿನಗಳ ಮೇಲೆ ಅವರ ಹಾಜರಿಯಲ್ಲಿ ಅರ್ಧ ದಿನ ಕಡಿತವಾಯಿತು. ಬೆಳಿಗ್ಗೆ ಎಲ್ಲಿದ್ದಿರೆಂದು ಬರೆದು ತಿಳಿಸಬೇಕೆಂದು ಮೇಲಿನಿಂದ ಕಾಗದ ಬಂತು. ಎಂಟು ಗಂಟೆಗೇ ಬಂದು ಸೂಪರ್‌ವೈಸರಿಗೆ ಹಾಜರಿ ಹೇಳಿದ್ದೇನೆ ಎಂಬುದು ಅವರು ಹೇಳಬೇಕಾಗಿದ್ದ ಮಾತು. ಅವರು ಬರೆದದ್ದು ಹೀಗೆ: ‘ಐ ರಿಪೋರ್ಟೆಡ್ ದಿ ಸೂಪರ್‌ವೈಸರ್ ಅಟ್ ಏಯ್ಟ್ ಓಕ್ಲಾಕ್.’

ಇಂಗ್ಲಿಷ್ ಬಲ್ಲವರು ಇದನ್ನು ಓದಿದರೆ ಆಗುವ ಅರ್ಥ, ‘ಎಂಟು ಗಂಟೆಗೆ ಸೂಪರ್‌ವೈಸರ ಮೇಲೆ ದೂರು ಕೊಟ್ಟೆ’ ಎಂದು! ಏನು ದೂರು, ಯಾರಿಗೆ ಕೊಟ್ಟಿರಿ ಎಂದು ವಿಚಾರಣೆ ಎದ್ದಿತು. ಏನೂ ಅರಿಯದ ಸೂಪರ್‌ವೈಸರು ಕೆಂಡವಾದರು. ಅರ್ಧ ದಿನದ ಸಂಬಳ ಹೋದದ್ದಲ್ಲದೆ, ದಿನವೂ ಮುಖ ನೋಡಬೇಕಾದವರ ಸಿಟ್ಟೂ ತಲೆಗೆ ಬಂತು. ‘ಟು ಹಾಕಬೇಡಿ ಎಂದವರು ನೀವೇ ಅಲ್ಲವೇ?’ ಎಂದು ಅವರು ಕಾಗದವನ್ನು ನಮ್ಮ ಮುಂದೆ ಇಟ್ಟಾಗ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಕೊಟ್ಟದ್ದು ಅರ್ಧ ಪಾಠ. ಉಳಿದರ್ಧವನ್ನು ಇಲ್ಲಿ ಕೊಡುತ್ತಿದ್ದೇವೆ.

ಶಾಲೆಯಲ್ಲಿ ರಾಗವಾಗಿ ಹೇಳಿಸುತ್ತಿದ್ದ ವಿಭಕ್ತಿಗಳನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ ದೆಸೆಯಿಂದ, ರಾಮನ, ರಾಮನಲ್ಲಿ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ಹೇಳಿರುವುದೂ ಏಳು ವಿಭಕ್ತಿಗಳನ್ನೇ. ಅವನ ಕಾಲದ ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯವಿತ್ತು. ಈಗ ತೃತೀಯೆಗೂ ಪಂಚಮಿಗೂ ಒಂದೇ ‘ಇಂದ’ ಸಾಕಾಗಿದೆ. ‘ರಾಮನ ದೆಸೆಯಿಂದ’ ಎಂದು ಮನೆಯಲ್ಲಾಗಲಿ ಸಂತೆಯಲ್ಲಾಗಲಿ ಮಾತಾಡುವವರನ್ನು ನಾವು ಕಂಡಿಲ್ಲ. ಅದು ಹಾಗಿರಲಿ. ಮುಖ್ಯ ಸಂಗತಿ ಇದು: ಕನ್ನಡದಲ್ಲಿ ವಿಭಕ್ತಿ ಇರುವುದು ನಾಮಪದದ ಬಾಲದಲ್ಲಿ. ಆ ಬಾಲ ಭದ್ರವಾಗಿರುವುದರಿಂದ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲ. ‘ಹುಡುಗನು ನಾಯಿಯನ್ನು ಹೊಡೆದನು’ ಎನ್ನಿ, ‘ನಾಯಿಯನ್ನು ಹುಡುಗನು ಹೊಡೆದನು’ ಎನ್ನಿ, ‘ಹೊಡೆದನು ನಾಯಿಯನ್ನು ಹುಡುಗನು’ ಎಂದು ನಾಟಕದವರಂತೆ ಹೇಳಿ, ಪೆಟ್ಟು ಬಿದ್ದದ್ದು ನಾಯಿಗೇ.

ಇಂಗ್ಲಿಷಿನಲ್ಲಿ ಹೀಗೆ ಮಾಡಿ ನೋಡಿ. ‘ದಿ ಬಾಯ್ ಹಿಟ್ ದಿ ಡಾಗ್’ ಎಂದರೆ ಹುಡುಗ ನಾಯಿಯನ್ನು ಹೊಡೆದ. ಎರಡು ಪದ ಅದಲುಬದಲಾಗಿ ‘ದಿ ಡಾಗ್ ಹಿಟ್ ದಿ ಬಾಯ್’ ಆದರೆ ಹೊಡೆದದ್ದು ನಾಯಿ! ‘ಡಾಗ್’ ಎಂಬ ಪದ ಎರಡು ಕಡೆಯೂ ಒಂದೇ ರೂಪದಲ್ಲಿದೆ, ಬಾಲವಿಲ್ಲ. ಅದು ಕರ್ತೃವೋ ಕರ್ಮವೋ ಎಂದು ತಿಳಿಸುವುದು ಅದು ಕುಳಿತ ಜಾಗ. ಕ್ರಿಯಾಪದಕ್ಕೆ ಮುಂಚೆ ಕುಳಿತರೆ ಕರ್ತೃ, ತರುವಾಯ ಕುಳಿತರೆ ಕರ್ಮ. ಕಚೇರಿಯ ಕುರ್ಚಿ ಇದ್ದ ಹಾಗೆ. ಯಾರು ಕುಳಿತರೂ ಅಧಿಕಾರ ಕುರ್ಚಿಯದು.

ಇಂಗ್ಲಿಷು ಮೊದಲಿನಿಂದ ಹೀಗಿರಲಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಯಿಗೆ ‘ಹುಂಡ್’ ಎಂಬ ಮಾತಿತ್ತು. ನಾಯಿಯ ಎನ್ನಲು ‘ಹುಂಡೆಸ್’, ನಾಯಿಗೆ ಎನ್ನಲು ‘ಹುಂಡೆ’. ಕರ್ತೃವಾದರೆ ಮುಂದೆ ‘ಸೆ’, ಕರ್ಮವಾದರೆ ‘ಥೋನೆ’ ಎಂದು ಈಗಿನ ‘ದಿ’ ಕೂಡ ರೂಪ ಬದಲಿಸುತ್ತಿತ್ತು. ಉತ್ತರದ ಸಮುದ್ರದಿಂದ ಬಂದು ನೆಲಸಿದವರ ಭಾಷೆಯೊಡನೆ ಬೆರೆತು, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚಾಗಿ, ಪದದ ಕೊನೆಯ ಸ್ವರಗಳು ನಾಲಗೆಯ ಮೇಲೆ ಸವೆದು ಸವೆದು, ಸುಮಾರು 1400ರ ಹೊತ್ತಿಗೆ ಈ ಪ್ರತ್ಯಯಗಳು ಹೆಚ್ಚುಕಡಿಮೆ ಉದುರಿಹೋದವು. ಬಾಲ ಹೋದ ಮೇಲೆ ಕರ್ತೃಕರ್ಮಗಳನ್ನು ಗುರುತಿಸಲು ಪದದ ಜಾಗವೇ ಆಧಾರವಾಯಿತು. ಉಳಿದ ಸಂಬಂಧಗಳಿಗೆ ಟು, ಫ್ರಮ್, ಬೈ, ವಿತ್, ಇನ್, ಅಟ್, ಆನ್, ಆಫ್, ಫಾರ್ ಎಂಬ ಸಣ್ಣ ಪದಗಳು ಬಂದು ನಿಂತವು. ನಮ್ಮ ಪ್ರತ್ಯಯ ಪದದ ಹಿಂದೆ ಅಂಟುತ್ತದೆ. ಇವು ಪದದ ಮುಂದೆ ನಿಲ್ಲುತ್ತವೆ. ‘ಮುಂಬಯಿಗೆ’ ಎಂಬುದು ‘ಟು ಮುಂಬಯಿ’.

ಶಾಲಾ ವ್ಯಾಕರಣಗಳಲ್ಲಿ, ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕದಲ್ಲಿ ಕೂಡ, ನಾಮಿನೇಟಿವ್, ಆಬ್ಜೆಕ್ಟಿವ್, ಪೊಸೆಸಿವ್ ಎಂದು ಮೊದಲಾದ ಹೆಸರುಗಳನ್ನು ನೀವು ಕಂಡಿರಬಹುದು. ಇವು ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಹೊಯ್ದ ಹೆಸರುಗಳು, ನಮ್ಮ ವ್ಯಾಕರಣಕ್ಕೆ ಸಂಸ್ಕೃತದ ಅಚ್ಚು ಬಂದ ಹಾಗೆ. ಹೆಸರು ಮೂರಾದರೂ ಐದಾದರೂ ಇಂದಿನ ಇಂಗ್ಲಿಷ್ ನಾಮಪದಕ್ಕೆ ಕಣ್ಣಿಗೆ ಕಾಣುವ ರೂಪ ಎರಡೇ: ‘ಡಾಗ್’ ಎಂಬ ಸಾಮಾನ್ಯ ರೂಪ, ‘ಡಾಗ್ಸ್’ ಎಂಬ ಷಷ್ಠಿಯ ರೂಪ. ಈ ಎರಡನೆಯದು ಆ ಹಳೆಯ ‘ಹುಂಡೆಸ್’ ಎಂಬಲ್ಲಿದ್ದ ‘ಎಸ್’. ಅಷ್ಟೂ ಪ್ರತ್ಯಯಗಳಲ್ಲಿ ನಾಮಪದಕ್ಕೆ ಉಳಿದುಕೊಂಡದ್ದು ಅದೊಂದೇ.

ಸರ್ವನಾಮಗಳಲ್ಲಿ ಮಾತ್ರ ಹಳೆಯ ಆಸ್ತಿ ಇನ್ನೂ ಸ್ವಲ್ಪ ಉಳಿದಿದೆ. ಐ, ಮೀ, ಮೈ. ಹೀ, ಹಿಮ್, ಹಿಸ್. ವೀ, ಅಸ್, ಅವರ್. ದೇ, ದೆಮ್, ದೇರ್. ಇಲ್ಲಿ ಗಮನಿಸಬೇಕಾದದ್ದು ನಡುವಿನ ರೂಪ. ‘ಮೀ’ ಎಂದರೆ ನನ್ನನ್ನು. ‘ಮೀ’ ಎಂದರೆ ನನಗೆ ಕೂಡ. ‘ಹೀ ಸಾ ಮೀ’ ಎಂದರೆ ಅವನು ನನ್ನನ್ನು ನೋಡಿದ. ‘ಹೀ ಗೇವ್ ಮೀ ಎ ಬುಕ್’ ಎಂದರೆ ನನಗೆ ಪುಸ್ತಕ ಕೊಟ್ಟ. ಟು, ಫ್ರಮ್, ವಿತ್ ಮೊದಲಾದವುಗಳ ತರುವಾಯ ಬರುವುದೂ ಇದೇ ರೂಪ. ಆದ್ದರಿಂದ ‘ಸೆಂಡ್ ದಿ ಪೇಪರ್ಸ್ ಟು ಮಿಸ್ಟರ್ ರಾವ್ ಅಂಡ್ ಐ’ ಎಂದು ದೊಡ್ಡ ದೊಡ್ಡವರು ಬರೆದರೂ ಅದು ತಪ್ಪೇ. ರಾಯರನ್ನು ಒಂದು ಗಳಿಗೆ ಹೊರಗೆ ಕಳುಹಿಸಿ ನೋಡಿ. ‘ಸೆಂಡ್ ದಿ ಪೇಪರ್ಸ್ ಟು ಐ’ ಎಂದು ಯಾರೂ ಹೇಳರು. ‘ಟು ಮೀ’ ಎನ್ನುತ್ತಾರೆ. ರಾಯರು ಒಳಗೆ ಬಂದರೂ ‘ಮೀ’ಯೇ ಇರಬೇಕು. ಹಾಗೆಯೇ ‘ಮೀ ಅಂಡ್ ಮೈ ಬ್ರದರ್ ಕೇಮ್’ ಎಂಬಲ್ಲಿ ತಮ್ಮನನ್ನು ತೆಗೆದರೆ ‘ಮೀ ಕೇಮ್’ ಉಳಿಯುತ್ತದೆ. ಬರವಣಿಗೆಯಲ್ಲಿ ‘ಮೈ ಬ್ರದರ್ ಅಂಡ್ ಐ ಕೇಮ್’ ಎನ್ನಬೇಕು.

ಕೆಲಸಕ್ಕೆ ಸಂದರ್ಶನಕ್ಕೆ ಹೋದ ನಮ್ಮ ಹುಡುಗರು ‘ಮೈಸೆಲ್ಫ್ ಮಂಜುನಾಥ’ ಎಂದು ಮಾತು ಮೊದಲು ಮಾಡುವುದನ್ನು ನಾವು ಬಹಳ ಕೇಳಿದ್ದೇವೆ. ‘ಮೈಸೆಲ್ಫ್’ ಎಂಬುದು ಪ್ರಥಮಾ ವಿಭಕ್ತಿಯಲ್ಲ, ಒಂಟಿಯಾಗಿ ಕರ್ತೃವಿನ ಜಾಗದಲ್ಲಿ ಕೂರುವುದಿಲ್ಲ. ‘ಐ ಆಮ್ ಮಂಜುನಾಥ’ ಎಂದರೆ ಮುಗಿಯಿತು. ಬಾಗಿಲು ತಟ್ಟಿದಾಗ ‘ಯಾರು?’ ಎಂದರೆ ‘ಇಟ್ ಈಸ್ ಐ’ ಎನ್ನಬೇಕೆಂದು ಹಳೆಯ ಮೇಷ್ಟ್ರುಗಳು ಹಠ ಹಿಡಿಯುತ್ತಿದ್ದರು. ಈಗ ಇಂಗ್ಲಿಷರೇ ‘ಇಟ್ಸ್ ಮೀ’ ಎನ್ನುತ್ತಾರೆ. ನೀವೂ ಧಾರಾಳವಾಗಿ ಅನ್ನಬಹುದು. ‘ಹೂ’ ಮತ್ತು ‘ಹೂಮ್’ ವಿಚಾರವೂ ಹಾಗೆಯೇ. ಮಾತಿನಲ್ಲಿ ‘ಹೂಮ್’ ಅಪರೂಪವಾಗಿದೆ. ಅರ್ಜಿಯ ತಲೆಯಲ್ಲಿ ‘ಟು ಹೂಮ್ ಇಟ್ ಮೇ ಕನ್ಸರ್ನ್’ ಎಂಬಲ್ಲಿ ಅದು ಗಟ್ಟಿಯಾಗಿ ಕುಳಿತಿದೆ.

ಈಗ ನಮ್ಮ ಗೆಳೆಯರನ್ನು ಕೆಡವಿದ ಚತುರ್ಥಿಗೆ ಬರೋಣ. ನಿಜವಾದ ಕಷ್ಟ ಇರುವುದು ಇಲ್ಲಿಯೇ. ಒಂದು ವಾಕ್ಯ ನೋಡಿ: ‘ನಾನು ಒಂಬತ್ತು ಗಂಟೆಗೆ ಆಫೀಸಿಗೆ ಹೋಗಿ ಮ್ಯಾನೇಜರಿಗೆ ಎರಡು ದಿನದ ರಜೆಗೆ ಅರ್ಜಿ ಕೊಟ್ಟೆ.’ ಇದರಲ್ಲಿ ನಾಲ್ಕು ‘ಗೆ’ ಇವೆ. ನಮ್ಮ ಕಿವಿಗೆ ನಾಲ್ಕೂ ಒಂದೇ. ಇಂಗ್ಲಿಷಿನಲ್ಲಿ: ‘ಐ ವೆಂಟ್ ಟು ದಿ ಆಫೀಸ್ ಅಟ್ ನೈನ್ ಅಂಡ್ ಗೇವ್ ದಿ ಮ್ಯಾನೇಜರ್ ಅನ್ ಅಪ್ಲಿಕೇಶನ್ ಫಾರ್ ಟೂ ಡೇಸ್ ಲೀವ್.’ ಆಫೀಸಿನ ‘ಗೆ’ ಟು ಆಯಿತು. ಗಂಟೆಯ ‘ಗೆ’ ಅಟ್ ಆಯಿತು. ರಜೆಯ ‘ಗೆ’ ಫಾರ್ ಆಯಿತು. ಮ್ಯಾನೇಜರ ‘ಗೆ’ ಏನೂ ಆಗಲಿಲ್ಲ. ಕ್ರಿಯಾಪದದ ಪಕ್ಕದಲ್ಲಿ ಬರಿಮೈಯಲ್ಲಿ ಕುಳಿತಿದ್ದಾರೆ. ಅವರನ್ನು ಕೊನೆಗೆ ಕಳುಹಿಸಿ ‘ಗೇವ್ ಅನ್ ಅಪ್ಲಿಕೇಶನ್ ಟು ದಿ ಮ್ಯಾನೇಜರ್’ ಎಂದರೆ ಆಗ ಟು ಬೇಕು. ಗಿವ್, ಸೆಂಡ್, ಶೋ, ಲೆಂಡ್ ಮುಂತಾದ ಕೊಡುವ ಕಳಿಸುವ ಕ್ರಿಯೆಗಳಿಗೆಲ್ಲ ಈ ಎರಡು ದಾರಿ ಇವೆ. ಪಕ್ಕದಲ್ಲಿದ್ದರೆ ಟು ಇಲ್ಲ, ದೂರ ಹೋದರೆ ಟು.

ಆದುದರಿಂದ ‘ಗೆ ಎಂದರೆ ಟು’ ಎಂಬುದು ಎಷ್ಟು ತಪ್ಪೋ, ‘ಗೆ ಇದ್ದರೂ ಟು ಬೇಡ’ ಎಂದು ನಾವು ಕೊಟ್ಟ ಸಲಹೆಯೂ ಅಷ್ಟೇ ತಪ್ಪು. ಯಾವ ಸಣ್ಣ ಪದ ಬರಬೇಕು, ಅಥವಾ ಯಾವುದೂ ಬೇಡವೇ ಎಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವುದು ಆಯಾ ಕ್ರಿಯಾಪದ. ‘ಹೇಳು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಟೆಲ್ ಇದೆ, ಸೇ ಇದೆ. ‘ಐ ಟೋಲ್ಡ್ ಹಿಮ್’, ಆದರೆ ‘ಐ ಸೆಡ್ ಟು ಹಿಮ್’. ‘ಉತ್ತರ ಕೊಡು’ ಎಂಬುದಕ್ಕೆ ಆನ್ಸರ್ ಇದೆ, ರಿಪ್ಲೈ ಇದೆ. ‘ಐ ಆನ್ಸರ್ಡ್ ಹಿಮ್’, ಆದರೆ ‘ಐ ರಿಪ್ಲೈಡ್ ಟು ಹಿಮ್’. ಅರ್ಥ ಹೆಚ್ಚುಕಡಿಮೆ ಒಂದೇ, ಕಟ್ಟು ಬೇರೆ. ಇದಕ್ಕೆ ತರ್ಕ ಹುಡುಕುತ್ತ ಕೂರುವುದು ವ್ಯರ್ಥ. ಒಂದು ಮನೆಯಲ್ಲಿ ಎಡಗಡೆ ಬಾಗಿಲು, ಇನ್ನೊಂದರಲ್ಲಿ ಬಲಗಡೆ.

ಟು ಬೇಡದ ಕ್ರಿಯೆಗಳಲ್ಲಿ ನಮ್ಮವರು ದಿನವೂ ಎಡವುವ ಕೆಲವನ್ನು ಹೇಳುತ್ತೇವೆ. ಆಸ್ಕ್, ಟೆಲ್, ಇನ್ಫಾರ್ಮ್, ಫೋನ್, ಕಾಲ್, ಮೀಟ್, ಹೆಲ್ಪ್, ರೀಚ್, ಓಬೇ. ‘ಅವರಿಗೆ ಫೋನ್ ಮಾಡಿದೆ’ ಎಂದರೆ ‘ಐ ಫೋನ್ಡ್ ಹಿಮ್’. ‘ದಾದರಿಗೆ ತಲಪಿದೆ’ ಎಂದರೆ ‘ಐ ರೀಚ್ಡ್ ದಾದರ್’. ‘ಹೆಂಡತಿಗೆ ಸಹಾಯ ಮಾಡಿದೆ’ ಎಂದರೆ ‘ಐ ಹೆಲ್ಪ್ಡ್ ಮೈ ವೈಫ್’. ಈ ಕೊನೆಯ ವಾಕ್ಯವನ್ನು ವ್ಯಾಕರಣಕ್ಕಾಗಿ ಮಾತ್ರ ಕಲಿಯಬಾರದು. ಟು ಬೇಕೇಬೇಕಾದವು: ಸೇ, ಸ್ಪೀಕ್, ಟಾಕ್, ಲಿಸನ್, ರಿಪ್ಲೈ, ಎಕ್ಸ್‌ಪ್ಲೇನ್, ಕಂಪ್ಲೇನ್, ಅಪಾಲಜೈಸ್, ಬಿಲಾಂಗ್. ಎಕ್ಸ್‌ಪ್ಲೇನ್ ವಿಚಾರದಲ್ಲಿ ಎಚ್ಚರ. ಗಿವ್‌ನಂತೆ ಅದಕ್ಕೆ ಎರಡು ದಾರಿಯಿಲ್ಲ. ‘ಎಕ್ಸ್‌ಪ್ಲೇನ್ ಮೀ ದಿ ರೂಲ್’ ಎಂದು ನಮ್ಮ ಕಡೆ ಬಹಳ ಕೇಳುತ್ತೇವೆ. ಸರಿಯಾದದ್ದು ‘ಎಕ್ಸ್‌ಪ್ಲೇನ್ ದಿ ರೂಲ್ ಟು ಮೀ’.

ಇನ್ನು ರಿಪೋರ್ಟ್. ಇದು ಟು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಅರ್ಥ ಮಾತ್ರ ಬೇರೆಯಾಗುತ್ತದೆ. ‘ರಿಪೋರ್ಟ್ ಟು’ ಒಬ್ಬರಿಗೆ ಎಂದರೆ ಅವರ ಮುಂದೆ ಹಾಜರಾಗುವುದು, ಅವರ ಕೈಕೆಳಗೆ ಕೆಲಸ ಮಾಡುವುದು. ಟು ಇಲ್ಲದೆ ಒಬ್ಬರನ್ನು ‘ರಿಪೋರ್ಟ್’ ಮಾಡಿದರೆ ಅವರ ಮೇಲೆ ದೂರು. ಅಂದರೆ ಒಂದು ನಮ್ಮ ಚತುರ್ಥಿ, ಇನ್ನೊಂದು ನಮ್ಮ ದ್ವಿತೀಯೆ! ಕನ್ನಡದಲ್ಲಿ ಈ ವ್ಯತ್ಯಾಸವನ್ನು ‘ಅವರಿಗೆ’, ‘ಅವರನ್ನು’ ಎಂಬ ಬಾಲಗಳು ಕಾಯುತ್ತವೆ. ಇಂಗ್ಲಿಷಿನಲ್ಲಿ ಎರಡಕ್ಷರದ ‘ಟು’ ಒಂದೇ ಕಾಯುತ್ತದೆ. ಅದನ್ನೇ ನಾವು ನಮ್ಮ ಗೆಳೆಯರ ಕೈಯಿಂದ ಕಿತ್ತುಕೊಂಡಿದ್ದೆವು.

ಟು ಅಲ್ಲದ ‘ಗೆ’ಗಳೂ ಇವೆ. ‘ಬಸ್ಸಿಗೆ ಕಾಯುತ್ತಿದ್ದೇನೆ’ ಎಂಬುದು ‘ವೇಟಿಂಗ್ ಫಾರ್ ದಿ ಬಸ್’. ‘ಜ್ವರಕ್ಕೆ ಔಷಧಿ’ ಎಂಬುದು ‘ಮೆಡಿಸಿನ್ ಫಾರ್ ಫೀವರ್’. ‘ಐವತ್ತು ರೂಪಾಯಿಗೆ ಕೊಂಡೆ’ ಎಂದರೆ ‘ಫಾರ್ ಫಿಫ್ಟಿ ರೂಪೀಸ್’. ‘ಅವರಿಗೆ ಹೆದರುತ್ತೇನೆ’ ಎಂದರೆ ‘ಅಫ್ರೇಡ್ ಆಫ್ ಹಿಮ್’. ‘ಮನೆಗೆ ಹೋದೆ’ ಎಂಬುದರಲ್ಲಿ ‘ಗೆ’ ಮಾಯವಾಗಿ ‘ವೆಂಟ್ ಹೋಮ್’ ಎಂದಷ್ಟೇ ಉಳಿಯುತ್ತದೆ.

ಇದಕ್ಕಿಂತ ಆಳವಾದ ಇನ್ನೊಂದು ‘ಗೆ’ ಇದೆ. ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವಾಗಿದೆ, ನನಗೆ ತಲೆನೋವು, ನನಗೆ ಇಬ್ಬರು ಮಕ್ಕಳು. ಇವುಗಳಲ್ಲಿ ‘ನಾನು’ ಎಂಬುದೇ ಇಲ್ಲ. ತಿಳಿವಳಿಕೆ, ಹಸಿವು, ನೋವು ಎಲ್ಲವೂ ಹೊರಗಿನಿಂದ ನನ್ನ ಬಳಿಗೆ ಬಂದಂತೆ ಹೇಳುತ್ತೇವೆ. ನಮ್ಮ ನೆರೆಹೊರೆಯವರೂ ಹೀಗೆಯೇ. ಮರಾಠಿಯವರು ‘ಮಲಾ ಮಾಹೀತ್ ಆಹೇ’ ಎನ್ನುತ್ತಾರೆ, ಹಿಂದಿಯವರು ‘ಮುಝೇ ಮಾಲೂಮ್ ಹೈ’, ತಮಿಳರು ‘ಎನಕ್ಕು ತೆರಿಯುಂ’, ತೆಲುಗರು ‘ನಾಕು ತೆಲುಸು’. ಎಲ್ಲರಲ್ಲೂ ‘ನನಗೆ’ಯೇ. ಇಂಗ್ಲಿಷಿನಲ್ಲಿ ಮಾತ್ರ ಈ ಎಲ್ಲ ಕಡೆಯೂ ‘ಐ’ ಎದ್ದು ಮುಂದೆ ಬರುತ್ತದೆ: ಐ ನೋ, ಐ ವಾಂಟ್, ಐ ಆಮ್ ಹಂಗ್ರಿ, ಐ ಹ್ಯಾವ್ ಎ ಹೆಡೇಕ್, ಐ ಹ್ಯಾವ್ ಟೂ ಚಿಲ್ಡ್ರನ್. ಆಸ್ಪತ್ರೆಯಲ್ಲಿ ನಿಂತು ‘ಟು ಮೀ’ ಎಂದು ಮೊದಲುಮಾಡಿ ವಾಕ್ಯ ಮುಂದೆ ಸಾಗದೆ ತಡವರಿಸುವವರು ಇದೊಂದನ್ನು ಕಲಿತರೆ ಅರ್ಧ ಕಷ್ಟ ಕಳೆಯುತ್ತದೆ. ಮೈಯಲ್ಲಿ ಆಗುವುದು, ಮನಸ್ಸಿನಲ್ಲಿ ಆಗುವುದು, ತನ್ನದಾಗಿ ಇರುವುದು ಇವುಗಳಲ್ಲಿ ‘ನನಗೆ’ ಬಂದರೆ ಇಂಗ್ಲಿಷಿನಲ್ಲಿ ‘ಐ’ ಎಂದು ತೊಡಗಿ ನೋಡಿ. ಬಹಳ ಕಡೆ ವಾಕ್ಯ ತಾನಾಗಿ ಸಾಗುತ್ತದೆ.

ಸ್ವಾರಸ್ಯವೆಂದರೆ ಹಳೆಯ ಇಂಗ್ಲಿಷರೂ ನಮ್ಮಂತೆಯೇ ಮಾತಾಡುತ್ತಿದ್ದರು. ‘ನನಗೆ ಹಸಿವಾಯಿತು’ ಎಂಬ ಬಗೆಯಲ್ಲೇ ‘ಮೀ’ ಎಂಬುದನ್ನು ಮುಂದಿಟ್ಟು ಹೇಳುತ್ತಿದ್ದರು. ‘ನನಗನಿಸುತ್ತದೆ’ ಎಂಬುದಕ್ಕೆ ಸರಿಯಾಗಿ ‘ಮೀಥಿಂಕ್ಸ್’ ಎಂಬ ಮಾತು ಶೇಕ್ಸ್‌ಪಿಯರನ ನಾಟಕಗಳಲ್ಲಿ ಬರುತ್ತದೆ. ‘ಲೈಕ್’ ಎಂಬ ಕ್ರಿಯೆಗೂ ಮೊದಲು ‘ಹಿಡಿಸು’ ಎಂಬ ಅರ್ಥವಿತ್ತು: ವಸ್ತು ನನಗೆ ಹಿಡಿಸಿತು ಎಂಬ ರೀತಿ. ಕಾಲ ಕಳೆದಂತೆ ಕ್ರಿಯಾಪದದ ಮುಂದಿನ ಜಾಗ ಕರ್ತೃವಿನದೇ ಎಂಬ ಕಟ್ಟು ಬಲವಾಗಿ, ಅಲ್ಲಿ ಕುಳಿತಿದ್ದ ‘ಮೀ’ ಎದ್ದುಹೋಗಿ ‘ಐ’ ಬಂದು ಕುಳಿತಿತು.

‘ಇಂದ’ ಪ್ರತ್ಯಯದ ವಿಚಾರದಲ್ಲೂ ಇದೇ ತೊಡಕು, ಮುಖ್ಯವಾಗಿ ರಜೆಚೀಟಿಯಲ್ಲಿ. ‘ಮೂರು ದಿನದಿಂದ ಜ್ವರದಿಂದ ನರಳುತ್ತಿದ್ದೇನೆ’ ಎಂಬಲ್ಲಿ ಎರಡು ‘ಇಂದ’ ಇವೆ. ಜ್ವರದ ‘ಇಂದ’ಕ್ಕೆ ಫ್ರಮ್ ಸರಿ. ದಿನದ ‘ಇಂದ’ಕ್ಕೆ ಫ್ರಮ್ ಸಲ್ಲದು, ಎಷ್ಟು ಕಾಲ ಎಂದು ಹೇಳುವಾಗ ಫಾರ್, ಯಾವಾಗ ತೊಡಗಿತು ಎಂದು ಹೇಳುವಾಗ ಸಿನ್ಸ್. ‘ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್’. ಸೋಮವಾರದಿಂದ ಎನ್ನಬೇಕಾದರೆ ‘ಸಿನ್ಸ್ ಮಂಡೇ’. ಕೈಯ ಸಾಧನಕ್ಕೆ ವಿತ್: ಚಾಕುವಿನಿಂದ ಕತ್ತರಿಸಿದೆ, ‘ವಿತ್ ಎ ನೈಫ್’. ಮಾಡಿದವರಿಗೆ ಬೈ: ಮ್ಯಾನೇಜರಿಂದ ಸಹಿಯಾದದ್ದು, ‘ಸೈನ್ಡ್ ಬೈ ದಿ ಮ್ಯಾನೇಜರ್’. ಮಳೆಯಿಂದ ತಡವಾಯಿತು ಎಂದರೆ ‘ಬಿಕಾಸ್ ಆಫ್ ದಿ ರೇನ್’.

‘ಅಲ್ಲಿ’ಗೆ ಇನ್, ಅಟ್, ಆನ್ ಎಂದು ಮೂರಿವೆ. ಊರಿನ ಒಳಗೆ ಇನ್, ಒಂದು ಗೊತ್ತಾದ ನೆಲೆಗೆ ಅಟ್: ‘ಇನ್ ಮುಂಬಯಿ’, ‘ಅಟ್ ಮಾಟುಂಗಾ ಸ್ಟೇಷನ್’. ‘ನನ್ನಲ್ಲಿ ಹಣವಿಲ್ಲ’ ಎಂಬುದಕ್ಕೆ ಇವು ಮೂರೂ ಬೇಡ, ‘ಐ ಹ್ಯಾವ್ ನೋ ಮನಿ’. ಉಳಿದದ್ದಕ್ಕೆ ಬೇರೆ ಪಾಠವೇ ಬೇಕಾದೀತು.

ಷಷ್ಠಿಯಲ್ಲಿ ಉಳಿದ ಆ ಒಂದು ‘ಎಸ್’ ಬಗೆಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅಲ್ಲಿ ಹಣದ ವಿಷಯವೂ ಸೇರಿಕೊಂಡಿದೆ. ‘ಎಸ್’ ಅಕ್ಷರದ ಹತ್ತಿರ ಮೇಲುಗಡೆ ಒಂದು ಸಣ್ಣ ಕೊಕ್ಕೆ ಹಾಕುತ್ತಾರೆ. ಅದಕ್ಕೆ ಅಪಾಸ್ಟ್ರಫಿ ಎಂದು ಹೆಸರು. ‘ವರ್ಕರ್ಸ್ ಡ್ಯೂಸ್’ ಎಂದು ಬಾಯಲ್ಲಿ ಹೇಳಿದರೆ ಕೆಲಸಗಾರನ ಬಾಕಿಯೋ ಕೆಲಸಗಾರರ ಬಾಕಿಯೋ ತಿಳಿಯದು. ಕಾಗದದ ಮೇಲೆ ಕೊಕ್ಕೆ ‘ಎಸ್’ಗೆ ಮುಂಚೆ ಇದ್ದರೆ ಒಬ್ಬನ ಬಾಕಿ, ‘ಎಸ್’ ಆದ ಮೇಲೆ ಇದ್ದರೆ ಎಲ್ಲರ ಬಾಕಿ. ನಲವತ್ತು ಜನ ಸಹಿ ಹಾಕಿದ ಅರ್ಜಿಯಲ್ಲಿ ಕೊಕ್ಕೆ ಎಲ್ಲಿದೆಯೆಂದು ನೋಡಿಯೇ ಕೊಡಿ. ಮೆನ್, ವಿಮೆನ್, ಚಿಲ್ಡ್ರನ್ ಇವು ‘ಎಸ್’ ಇಲ್ಲದೆಯೇ ಬಹುವಚನವಾದದ್ದರಿಂದ ಅವುಗಳಿಗೆ ಮೊದಲು ಕೊಕ್ಕೆ, ಆಮೇಲೆ ‘ಎಸ್’. ಬರಿಯ ಬಹುವಚನಕ್ಕೆ ಕೊಕ್ಕೆ ಕೂಡದು. ಬೋರ್ಡುಗಳ ಮೇಲೆ ಇಡ್ಲಿಗಳಿಗೂ ವಡೆಗಳಿಗೂ ಕೊಕ್ಕೆ ಹಾಕಿರುವುದನ್ನು ಕಾಣುತ್ತೇವೆ, ತಿನ್ನುವುದಕ್ಕೆ ಅಡ್ಡಿಯಿಲ್ಲ.

ಜೀವವುಳ್ಳವರಿಗೆ ಸಾಮಾನ್ಯವಾಗಿ ಈ ‘ಎಸ್’, ವಸ್ತುಗಳಿಗೆ ಹೆಚ್ಚಾಗಿ ಆಫ್: ‘ಮೈ ಫಾದರ್ಸ್ ಹೌಸ್’, ‘ದಿ ರೂಫ್ ಆಫ್ ದಿ ಹೌಸ್’. ಕಾಲವನ್ನು ಹೇಳುವ ಮಾತುಗಳಿಗೆ ಜೀವವಿಲ್ಲದಿದ್ದರೂ ‘ಎಸ್’ ಸಲ್ಲುತ್ತದೆ: ‘ಎ ಮಂತ್ಸ್ ನೋಟಿಸ್’, ‘ಟೂ ಡೇಸ್ ಲೀವ್’. ಇವುಗಳಲ್ಲಿ ಮೊದಲನೆಯದರ ಕೊಕ್ಕೆ ‘ಎಸ್’ಗೆ ಮುಂಚೆ, ಎರಡನೆಯದರ ಕೊಕ್ಕೆ ‘ಎಸ್’ ಆದಮೇಲೆ. ತಿಂಗಳು ಒಂದು, ದಿನ ಎರಡು. ‘ಇಟ್ಸ್’ ಎಂಬುದೊಂದು ಅಪವಾದವಿದೆ. ‘ಅದರ’ ಎಂಬರ್ಥದಲ್ಲಿ ಅದಕ್ಕೆ ಕೊಕ್ಕೆ ಇಲ್ಲ. ಕೊಕ್ಕೆ ಹಾಕಿದರೆ ‘ಇಟ್ ಈಸ್’ ಎಂದಾಗುತ್ತದೆ. ಇದರಲ್ಲಿ ಇಂಗ್ಲಿಷರೂ ದಿನವೂ ತಪ್ಪುತ್ತಾರೆ.

ನಮ್ಮ ಗೆಳೆಯರು ಎರಡನೆಯ ಕಾಗದವನ್ನು ವಾಚನಾಲಯದ ಮೇಜಿನ ಮೇಲೆಯೇ ಬರೆದರು. ನಾವು ಹೇಳಿಕೊಡಲಿಲ್ಲ, ಈ ಸಾರಿ ಸುಮ್ಮನಿರುವುದೇ ಲೇಸೆಂದು ಪಕ್ಕದಲ್ಲಿ ಕುಳಿತಿದ್ದೆವು. ‘ಐ ರಿಪೋರ್ಟೆಡ್ ಟು ದಿ ಸೂಪರ್‌ವೈಸರ್ ಅಟ್ ಏಯ್ಟ್ ಓಕ್ಲಾಕ್. ಹೀ ಸೆಂಟ್ ಮೀ ಟು ದಿ ಸೆಕೆಂಡ್ ಗೇಟ್. ಐ ಹ್ಯಾವ್ ನೋ ಕಂಪ್ಲೇಂಟ್ ಅಗೆನ್ಸ್ಟ್ ಹಿಮ್.’ ಮೂರು ವಾಕ್ಯ. ಎರಡನೆಯ ವಾಕ್ಯದ ‘ಮೀ’ ಎಂಬುದಕ್ಕೆ ಟು ಹಾಕದೆ, ಗೇಟಿಗೆ ಮಾತ್ರ ಹಾಕಿದ್ದನ್ನು ನೋಡಿ ನಮಗೆ ಸಮಾಧಾನವಾಯಿತು. ಅರ್ಧ ದಿನದ ಸಂಬಳ ಮುಂದಿನ ತಿಂಗಳ ಲೆಕ್ಕದಲ್ಲಿ ಸೇರಿತು. ಸೂಪರ್‌ವೈಸರು ಮೊದಲಿನಂತೆ ಮಾತಾಡುವುದಕ್ಕೆ ಇನ್ನಷ್ಟು ದಿನ ಹಿಡಿಯಿತಂತೆ.

ವಾಚಕರು ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ನೋಟುಬುಕ್ಕಿನಲ್ಲಿ ಬರೆದು ಭಾನುವಾರ ತರಬಹುದು: ನನಗೆ ಈ ನಿಯಮ ಗೊತ್ತಿರಲಿಲ್ಲ. ದಯವಿಟ್ಟು ಅದನ್ನು ನನಗೆ ವಿವರಿಸಿರಿ. ನಾನೂ ನನ್ನ ತಮ್ಮನೂ ಎರಡು ಗಂಟೆಯಿಂದ ನಿಮಗಾಗಿ ಕಾಯುತ್ತಿದ್ದೇವೆ. ನನ್ನ ತಾಯಿಗೆ ಹುಷಾರಿಲ್ಲ; ಊರಿಗೆ ಹೋಗಲು ನನಗೆ ಒಂದು ವಾರದ ರಜೆ ಬೇಕು. ಈ ಕೊನೆಯ ವಾಕ್ಯದಲ್ಲಿ ‘ಗೆ’ ಮೂರಿವೆ. ಟು ಎಷ್ಟು ಬೇಕು, ಕೊಕ್ಕೆ ಎಲ್ಲಿ ಬರಬೇಕು ಎಂಬುದನ್ನು ನೋಡಿಕೊಂಡು ಬರೆಯಿರಿ.